ಪಿತ್ತಕೋಶವಲ್ಲ

"ಇದೇನೇ ವರ್ನಾ ಇದು?"

ಪಾಲಿನ್ ಎತ್ತಿ ಹಿಡಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಡಜನ್ ಪಿರೊಹಿ ಕಡುಬುಗಳಿದ್ದವು. ಅವುಗಳ ಮೇಲೆ ಒಂದು ನೀಲಿ ಚೀಟಿ. ಚರ್ಚಿನ ನೆಲಮಾಳಿಗೆಯಲ್ಲಿ ಉದ್ದ ಮೇಜಿನ ಸುತ್ತ ಕೂತಿದ್ದ ಹೆಂಗಸರು ಕೈಕೆಲಸ ಬಿಡದೆಯೇ ಕತ್ತೆತ್ತಿದರು. ಶನಿವಾರದ ಮಾರಾಟಕ್ಕೆ ಇನ್ನೆರಡೇ ದಿನ. ಬೆಳಿಗ್ಗೆ ಏಳರಿಂದ ತೆಕ್ಲಜ್ಜಿ ಹಿಟ್ಟು ಲಟ್ಟಿಸುತ್ತಿದ್ದಳು, ಎಲ್ಸಿ ತಳ ಕತ್ತರಿಸಿದ ಡಬ್ಬಿಯಿಂದ ಬಿಲ್ಲೆ ಒತ್ತುತ್ತಿದ್ದಳು, ಉಳಿದವರು ಬಿಲ್ಲೆಯೊಳಗೆ ಆಲೂಗಡ್ಡೆಯ ಉಂಡೆ ಇಟ್ಟು ಅಂಚು ಚಿವುಟುತ್ತಿದ್ದರು. ಹೊಟ್ಟೆಯ ಗಾಯ ಇನ್ನೂ ಎಳೆಯುತ್ತಿದ್ದ ವರ್ನಾಳಿಗೆ ಕುರ್ಚಿ ಬಿಟ್ಟೇಳಬೇಕಾಗದ ಕೆಲಸ ಸಿಕ್ಕಿತ್ತು. ಹೆಪ್ಪುಗಟ್ಟಿದ ಪಿರೊಹಿಗಳನ್ನು ಎಣಿಸಿ ಚೀಲಕ್ಕೆ ತುಂಬುವುದು. ಆ ಕೆಲಸ ಕೊಟ್ಟವಳೂ ಪಾಲಿನ್ನೇ.

"ಓದು. ನಿನ್ನ ಕಣ್ಣಿಗೆ ಕಾಣಲಿ ಅಂತಾನೇ ದೊಡ್ಡಕ್ಷರದಲ್ಲಿ ಹಾಕ್ಸಿದೀನಿ," ಎಂದಳು ವರ್ನಾ.

ಪಾಲಿನ್ ಆಗಲೇ ಓದಿಯಾಗಿತ್ತು, ಕಿವಿ ಕೆಂಪಾಗಿದ್ದವು. "ತಿನ್ನೋ ಪದಾರ್ಥದ ಚೀಲದೊಳಗೆ ಇಂಥಾ ಮಾತು ಇಡ್ತಾರೇನೇ? ಗಂಡಸರು, ಮಕ್ಕಳು ಊಟಕ್ಕೆ ಕೂತು ಚೀಲ ಬಿಚ್ಚಿದ್ರೆ?"

"ಬಿಚ್ಚಿದ್ರೆ ಏನು? ನಮ್ಮೂರ ಗಂಡಸರು ತಾಯಿ ಹೊಟ್ಟೇಲಿ ಹುಟ್ಟದೆ ಎಲೆಕೋಸಿನ ಪಾತೀಲಿ ಸಿಕ್ಕಿದವರಾ?" ಎಂದಳು ತೆಕ್ಲಜ್ಜಿ, ಲಟ್ಟಣಿಗೆ ನಿಲ್ಲಿಸದೆ. ಅವಳಿಗೆ ಎಂಬತ್ತನಾಲ್ಕು. ನಾಲಗೆಗೆ ಮಾತ್ರ ಇನ್ನೂ ಇಪ್ಪತ್ತು.

"ಮೆಲ್ಲಗೆ ಅಜ್ಜೀ, ಒಲೆ ಹತ್ರ ಇಬ್ಬರು ಇದಾರೆ," ಎಂದು ಎಲ್ಸಿ ಕಿಸಕ್ಕೆಂದಳು.

"ಇರ್ಲಿ ಬಿಡು. ಕೇಳಿಸ್ಕೊಂಡ್ರೆ ಬುದ್ಧಿ ಬರತ್ತೆ."

ಒಲೆಯ ಬಳಿ ಪಿರೊಹಿ ಬೇಯಿಸುತ್ತಿದ್ದ ಇಬ್ಬರು ಗಂಡಸರು ಹಂಡೆಯೊಳಗೆ ಏನೋ ಕಳೆದುಹೋದವರಂತೆ ಬಗ್ಗಿ ನೋಡತೊಡಗಿದರು.

ಚೀಟಿಯಲ್ಲಿ ಇದ್ದದ್ದು ಇಷ್ಟು: 'ನಾನು ವರ್ನಾ. ನನಗೆ ಆಗಿದ್ದು ಪಿತ್ತಕೋಶದ ಕಲ್ಲಿನ ಆಪರೇಷನ್ ಅಲ್ಲ. ಅಂಡಾಶಯದ ಕ್ಯಾನ್ಸರ್. ಎರಡೂ ಅಂಡಾಶಯ ತೆಗೆದರು. ಹೊಟ್ಟೆ ಉಬ್ಬುವುದು, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಇವು ಎರಡು ಮೂರು ವಾರವಾದರೂ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ. ವಯಸ್ಸಾಯಿತು ಎಂದು ವಾಪಸ್ ಕಳಿಸಿದರೆ ಮತ್ತೆ ಹೋಗಿ.'

ಪಿತ್ತಕೋಶದ ಕಥೆ ಕಟ್ಟಿದವಳು ಪಾಲಿನ್. ನವೆಂಬರಿನಲ್ಲಿ ವರ್ನಾಳನ್ನು ವಿನಿಪೆಗ್ ನಗರದ ಆಸ್ಪತ್ರೆಗೆ ಸೇರಿಸಿದ ಭಾನುವಾರವೇ ಕಾಯಿಲೆಯವರಿಗಾಗಿ ಚರ್ಚಿನಲ್ಲಿ ಓದುವ ಪ್ರಾರ್ಥನೆಯ ಪಟ್ಟಿಯಲ್ಲಿ 'ವರ್ನಾ, ಪಿತ್ತಕೋಶ' ಎಂದು ಬರೆಸಿಬಿಟ್ಟಿದ್ದಳು. ಊರಿಗೆ ಊರೇ ನಂಬಿತು. ಅಂಚೆ ಕಚೇರಿಯವಳು ಕಲ್ಲು ಎಷ್ಟು ದಪ್ಪ ಇತ್ತೆಂದು ಕೇಳಿದಳು. ಪಕ್ಕದ ಮನೆಯ ಮುದುಕ ತನ್ನ ಕಲ್ಲುಗಳನ್ನು ಜಾಮಿನ ಸೀಸೆಯಲ್ಲಿ ಹಾಕಿಟ್ಟಿದ್ದನ್ನು ತಂದು ತೋರಿಸಿದ. ಮೂರನೇ ಕಿಮೋ ಮುಗಿಯುವ ಹೊತ್ತಿಗೆ ತಲೆಗೂದಲೆಲ್ಲ ಉದುರಿ ವರ್ನಾ ಹೂವಿನ ರುಮಾಲು ಕಟ್ಟಿಕೊಂಡು ಓಡಾಡುತ್ತಿದ್ದರೂ ಜನ ಬೆಣ್ಣೆ ಕಡಿಮೆ ತಿನ್ನು ಎಂದೇ ಬುದ್ಧಿ ಹೇಳುತ್ತಿದ್ದರು.

ಪಾಲಿನ್ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗಿರಲಿಲ್ಲ. ಆಪರೇಷನ್ನಿನ ವಾರ ಇದೇ ಮೇಜಿನ ಹೆಂಗಸರು ಸರದಿ ಹಾಕಿಕೊಂಡು, ಹಿಮದ ರಸ್ತೆಯಲ್ಲಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದರು. ಎಲ್ಸಿ ಮೂರು ದಿನ ಕುರ್ಚಿಯಲ್ಲೇ ಕೂತಿದ್ದಳು. ತೆಕ್ಲಜ್ಜಿ ಬೀಟ್‌ರೂಟ್ ಸಾರು ಕಳಿಸಿ, ಆಸ್ಪತ್ರೆಯವರ ಕೈಯದು ತಿನ್ನಬೇಡ ಎಂದು ಫೋನಿನಲ್ಲಿ ಗದರಿದ್ದಳು. ಪಾಲಿನ್ ಅಂತೂ ವರ್ನಾಳ ಬಟ್ಟೆ ಬಿಚ್ಚಿ ಮೈ ಒರೆಸಿದ್ದಳು, ತಲೆ ಬಾಚಿದ್ದಳು, ನೋವಿನ ಮಾತ್ರೆ ತಡವಾದದ್ದಕ್ಕೆ ನರ್ಸಿನ ಜನ್ಮ ಜಾಲಾಡಿದ್ದಳು. ಆ ಕೈಗಳ ಋಣ ವರ್ನಾ ಮರೆತಿರಲಿಲ್ಲ. ಆದರೆ ತನ್ನ ಕಾಯಿಲೆಯ ಹೆಸರನ್ನು ಬೇರೆಯವರು ಬಚ್ಚಿಡುವುದು ಇನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ. ಹೋದ ವರ್ಷ ಬೇಸಿಗೆಯಿಂದಲೇ ಅವಳ ಏಪ್ರನ್ನಿನ ದಾರ ಸೊಂಟಕ್ಕೆ ಸಾಲದಾಗಿತ್ತು. ಎಲ್ಲರೂ ನೋಡಿದ್ದರು. ಪಿರೊಹಿ ಚಿವುಟಿದ್ದಕ್ಕಿಂತ ನುಂಗಿದ್ದೇ ಹೆಚ್ಚು ಎಂದು ನಕ್ಕಿದ್ದರು, ವರ್ನಾಳೂ ನಕ್ಕಿದ್ದಳು. ಹಾಗೆ ನಗುತ್ತಲೇ ಐದು ತಿಂಗಳು ಕಳೆದುಹೋಗಿದ್ದವು.

"ಎಲ್ಲಾ ಚೀಲ ಬಿಚ್ಚಿ ಚೀಟಿ ತೆಗಿ," ಎಂದಳು ಪಾಲಿನ್.

"ತೆಗಿಯಲ್ಲ."

"ನಿನ್ನ ಮಾನ ಉಳಿಸೋಕೆ ನಾನು ಅಷ್ಟೆಲ್ಲ ಮಾಡಿದ್ದು ಕಣೇ!"

"ಮಾನ ಯಾವಾಗ ಹೋಗಿತ್ತು? ನಾನೇನು ಕದ್ದು ಸಿಕ್ಕಿಹಾಕಿಕೊಂಡಿದ್ನಾ?"

"ಹಾಗಾದ್ರೆ ನಾನೇ ತೆಗೀತೀನಿ," ಎಂದು ಪಾಲಿನ್ ಚೀಲಗಳ ಪೆಟ್ಟಿಗೆಗೆ ಕೈ ಹಾಕಿದಳು.

ತೆಕ್ಲಜ್ಜಿ ಲಟ್ಟಣಿಗೆಯನ್ನು ಮೇಜಿನ ಮೇಲೆ ಇಟ್ಟು ಕೈಕಟ್ಟಿದಳು. ಎಲ್ಸಿ ಡಬ್ಬಿ ಬೋರಲು ಹಾಕಿದಳು. ಒಬ್ಬೊಬ್ಬರಾಗಿ ಉಳಿದವರ ಕೈಗಳೂ ನಿಂತವು. ಹಿಟ್ಟು ಒಣಗಿದರೆ ಅಂಚು ಕೂಡುವುದಿಲ್ಲ, ಬೇಯುವಾಗ ಬಾಯಿ ಬಿಡುತ್ತದೆ. ನೂರಾರು ಬಿಲ್ಲೆಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು.

"ಎಂಥದಿದು ನಾಟಕ? ಹಿಟ್ಟು ಒಣಗತ್ತೆ!"

"ಒಣಗಲಿ," ಎಂದಳು ತೆಕ್ಲಜ್ಜಿ. "ವರ್ನಾಗೆ ಬಂದಿದ್ದು ನಾಳೆ ನನಗೂ ಬರಬಹುದು. ಆಗ ನನಗೇನು ಹಲ್ಲುನೋವು ಅಂತ ಬರೆಸ್ತೀಯಾ?"

ಪಾಲಿನ್ ಕೈಯಲ್ಲಿದ್ದ ಚೀಲವನ್ನು ಪೆಟ್ಟಿಗೆಗೆ ಎಸೆದಳು. ಸರ್ರನೆ ತಿರುಗಿ ಬಚ್ಚಲಿನ ಕಡೆ ನಡೆದಳು.

ಆಗ ವರ್ನಾಳ ಕಣ್ಣಿಗೆ ಬಿತ್ತು. ಪಾಲಿನ್ ಬೆನ್ನ ಹಿಂದೆ ಏಪ್ರನ್ನಿನ ದಾರದ ಎರಡು ತುದಿಗಳು ಕೂಡಿರಲಿಲ್ಲ. ನಡುವೆ ಒಂದು ದೊಡ್ಡ ಪಿನ್ನು ಹಾಕಿತ್ತು. ಬೆಳಗಿನಿಂದ ಬಚ್ಚಲಿಗೆ ಹೋಗುತ್ತಿರುವುದು ಇದು ನಾಲ್ಕನೇ ಸಲವೋ ಐದನೆಯದೋ. ಹತ್ತು ಗಂಟೆಯ ಕಾಫಿಗೆ ಅವಳಿಗೆ ಬಂದ ಸಿಹಿ ಬನ್ನು ಒಂದು ಮೂಲೆ ಮಾತ್ರ ಮುರಿದು ಕರವಸ್ತ್ರದಡಿ ಇಟ್ಟಿತ್ತು. ಬನ್ನು ಕಂಡರೆ ಪಾಲಿನ್ ಎರಡು ತಿಂದು ಮೂರನೆಯದಕ್ಕೆ ನೆಪ ಹುಡುಕುವವಳು. ಚೀಟಿಯ ಜಗಳವೆಲ್ಲ ಒಂದು ಕ್ಷಣ ಎಲ್ಲಿಗೋ ಹೋಯಿತು. ಇದನ್ನು ಈಗ ಕೇಳದಿದ್ದರೆ ತಾನೂ ಆ ಪ್ರಾರ್ಥನೆಯ ಪಟ್ಟಿಯಷ್ಟೇ ಸುಳ್ಳಿ ಎಂದುಕೊಂಡಳು ವರ್ನಾ.

ಪಾಲಿನ್ ಹೊರಬಂದಾಗ ವರ್ನಾ ಮೇಜು ಹಿಡಿದುಕೊಂಡು ಎದ್ದು ನಿಂತಿದ್ದಳು. "ಆ ಪಿನ್ನು ಯಾವಾಗಿಂದ?"

"ಯಾವ ಪಿನ್ನು? ಓ, ಅದಾ. ಒಗೆದು ಒಗೆದು ಬಟ್ಟೆ ಕುಗ್ಗಿದೆ."

"ನನ್ನದಕ್ಕೂ ಇದನ್ನೇ ಹೇಳಿದ್ದೆ ನೀನು. ಇದೇ ಜಾಗದಲ್ಲಿ."

"ಚಳಿಗಾಲ ಕಣೇ, ಎಲ್ಲರ ಮೈಯೂ ಬರತ್ತೆ."

"ಬನ್ನು ಬಿಟ್ಟು ಬಿಟ್ಟು ಮೈ ಬರತ್ತಾ? ಯಾವಾಗಿಂದ, ಹೇಳು."

ಪಾಲಿನ್ ಒಬ್ಬೊಬ್ಬರ ಮುಖ ನೋಡಿದಳು. ಯಾರೂ ನಗಲಿಲ್ಲ.

"ಕ್ರಿಸ್‌ಮಸ್‌ನಿಂದ," ಎಂದಳು ಕೊನೆಗೆ. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ನಮ್ಮಮ್ಮಂಗೂ ಪಿತ್ತಕೋಶ ಅಂತಲೇ ಹೇಳಿದ್ರು. ಹೊಟ್ಟೆ ಇಷ್ಟು ದಪ್ಪ ಆಗಿತ್ತು. ಸತ್ತ ಮೇಲೂ ಅಪ್ಪ ಎಲ್ಲರಿಗೂ ಹಾಗೇ ಹೇಳಿದ. ನನಗೆ ಇನ್ನೇನು ಹೇಳಬೇಕು ಅಂತ ಗೊತ್ತಿರಲಿಲ್ಲ ವರ್ನಾ."

ವರ್ನಾಳ ಕಣ್ಣು ತುಂಬಿತು, ಅದೇ ಹೊತ್ತಿಗೆ ಸಿಟ್ಟೂ ಉಕ್ಕಿತು. ಅದು ಪಾಲಿನ್ ಮೇಲಿನ ಸಿಟ್ಟಲ್ಲ. ಅವಳು ಗೋಡೆಯ ಫೋನಿನ ರಿಸೀವರ್ ತೆಗೆದು, ಬಾಯಿಪಾಠವಾಗಿದ್ದ ಕ್ಲಿನಿಕ್ಕಿನ ನಂಬರು ಒತ್ತಿ, ಪಾಲಿನ್ ಕೈಗೆ ಕೊಟ್ಟಳು.

"ಈಗಲೇ?"

"ಈಗಲೇ."

ಪಾಲಿನ್ ಗೋಡೆಯ ಕಡೆ ಮುಖ ಮಾಡಿ ಪಿಸುಗುಟ್ಟಿದಳು. "ಹಲೋ... ಡಾಕ್ಟರನ್ನ ನೋಡಬೇಕಿತ್ತು... ಹೊಟ್ಟೆ ಸ್ವಲ್ಪ... ಏಪ್ರಿಲ್ಲಾ? ಹದಿನಾಲ್ಕಾ? ಆಯ್ತು, ಪರವಾಗಿಲ್ಲ ಬಿಡಮ್ಮ..."

"ಪರವಾಗಿದೆ!" ಎಂದಳು ವರ್ನಾ. ಅಷ್ಟು ಜೋರಾಗಿ ಕೂಗಿದ್ದಕ್ಕೆ ಗಾಯ ಚುಳ್ಳೆಂದಿತು. "ನರ್ಸಿಗೆ ನನ್ನ ಪರವಾಗಿ ಬೈದೆಯಲ್ಲ, ಆ ಬಾಯಿ ಎಲ್ಲಿ? ಅದೇ ಬಾಯಲ್ಲಿ ನಿನ್ನ ಪರವಾಗಿ ಮಾತಾಡು."

ಪಾಲಿನ್ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ಮೇಜಿನ ಹೆಂಗಸರು, ಒಲೆಯ ಗಂಡಸರು, ಎಲ್ಲರೂ ಎದುರಿಗಿದ್ದರು.

"ಇಲ್ಲಮ್ಮ, ಏಪ್ರಿಲ್ ಆಗಲ್ಲ," ಎಂದಳು. "ಬರ್ಕೊ. ಎರಡು ತಿಂಗಳಿಂದ ಹೊಟ್ಟೆ ಊದಿದೆ. ಊಟ ಸೇರಲ್ಲ. ನಿಮಿಷ ನಿಮಿಷಕ್ಕೂ ಬಚ್ಚಲಿಗೆ ಓಡ್ತೀನಿ. ನನಗೆ ಅಂಡಾಶಯ ನೋಡಿಸಬೇಕು. ಅಂಡಾಶಯ, ಹೌದು, ಅದೇ. ನಮ್ಮಮ್ಮ ಸತ್ತಿದ್ದೂ ಅದರಿಂದಲೇ ಇರಬೇಕು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಡಾಕ್ಟರ್ ಬಿಡುವಿಲ್ಲ ಅಂದ್ರೆ ಯಾರು ಬಿಡುವಾಗಿದಾರೋ ಅವರನ್ನ ಕರಿ. ಕಾಯ್ತೀನಿ. ಎಷ್ಟು ಹೊತ್ತಾದರೂ ಕಾಯ್ತೀನಿ."

ಒಲೆಯ ಬಳಿಯ ಗಂಡಸರಲ್ಲಿ ಒಬ್ಬ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. ರಿಸೀವರಿನೊಳಗೆ ಕಾಯುವವರಿಗಾಗಿ ಹಾಕುವ ಸಂಗೀತ ಸಣ್ಣಗೆ ಶುರುವಾಯಿತು. ಪಾಲಿನ್ ಅದನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಎಲ್ಸಿ ಸದ್ದಿಲ್ಲದೆ ಹೋಗಿ ಅವಳ ಹಿಂದೆ ಒಂದು ಸ್ಟೂಲು ಇಟ್ಟಳು. ಪಾಲಿನ್ ಕೂರಲಿಲ್ಲ.