ತಾವೊ ಅಜ್ಜಿಯ ಪೆಟ್ಟಿಗೆ

"ಹೆಣದ ಪೆಟ್ಟಿಗೆನ ನಡುಮನೇಲಿ ಇಟ್ಕೊಂಡು ಅದ್ಹೆಂಗೆ ಉಣ್ತೀಯಾ ಅಜ್ಜಿ? ನಾಯಿನೂ ಹೇಸ್ಕೊಳ್ತದೆ," ಎಂದು ಊರಿನ ಪಾರ್ಟಿ ಸೆಕ್ರೆಟರಿ ಪೆಂಗ್ ಮೂಗಿಗೆ ಕರವಸ್ತ್ರ ಒತ್ತಿಕೊಂಡ.

ಮೂಗು ಮುಚ್ಚಿಕೊಳ್ಳುವಂಥ ವಾಸನೆ ಏನೂ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಆಲೂಗಡ್ಡೆ. ತಾವೊ ಅಜ್ಜಿ ಅದರ ಮುಚ್ಚಳ ಸರಿಸಿ, ಅರ್ಧ ಮೈ ಒಳಗೆ ಬಗ್ಗಿಸಿ, ಮೊಳಕೆಯೊಡೆದದ್ದನ್ನು ಆರಿಸಿ ಹೊರಗೆ ಹಾಕುತ್ತಿದ್ದಳು.

"ನಾಯಿ ಸಾಕಂಗಿಲ್ಲ ಅಂತ ನೀನೇ ಅಲ್ವೇನಪ್ಪ ಅಂದಿದ್ದು?" ಪೆಟ್ಟಿಗೆಯೊಳಗಿಂದಲೇ ಅವಳ ದನಿ ಬಂತು. "ಇನ್ನು ಹೇಸ್ಕೊಳ್ಳೋಕೆ ನಾಯಿ ಎಲ್ಲಿಂದ ಬರ್ತದೆ?"

ಬಾಗಿಲಲ್ಲಿ ನಿಂತಿದ್ದ ಅಗಾ ಅಂಗಿಯ ತೋಳಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಪಕ್ಕದ ಮನೆಯ ಈ ಅಗಾ ಯೀ ಜನದವಳು, ಅಜ್ಜಿ ಮ್ಯಾವೊ ಜನದವಳು, ಎರಡೂ ಬೇರೆಬೇರೆ ಬೆಟ್ಟದ ಬುಡಕಟ್ಟು. ಬೆಟ್ಟದ ಮೇಲಿದ್ದಾಗ ಇವರ ಊರಿಗೂ ಅವರ ಊರಿಗೂ ಒಂದು ದಿನದ ನಡಿಗೆ. ಸರ್ಕಾರ ಎಲ್ಲರನ್ನೂ ಕೆಳಗಿಳಿಸಿ, ಸಾಲುಸಾಲು ಬಿಳಿ ಮನೆ ಕಟ್ಟಿಸಿ, ಅದಕ್ಕೆ ಸುಖಗ್ರಾಮ ಅಂತ ಹೆಸರಿಟ್ಟ ಮೇಲೆ ಇಬ್ಬರ ನಡುವೆ ಉಳಿದದ್ದು ಒಂದು ಗೋಡೆ. ಆ ಗೋಡೆಯೋ, ಈಚೆ ಕೆಮ್ಮಿದರೆ ಆಚೆ ನೀರು ತರುವಷ್ಟು ತೆಳ್ಳಗೆ.

ಪೆಂಗ್ ನಗಲಿಲ್ಲ. ಅವನಿಗೂ ತಲೆ ಕೆಟ್ಟಿತ್ತು ಪಾಪ. ಇನ್ನು ಮುಂದೆ ಸುಖಗ್ರಾಮದಲ್ಲಿ ಸತ್ತವರನ್ನು ಹೂಳುವಂತಿಲ್ಲ, ಪಟ್ಟಣದ ಕರೆಂಟಿನ ಒಲೆಯಲ್ಲೇ ಸುಡಬೇಕು ಎಂದು ಆದೇಶ ಬಂದಿತ್ತು. ಹೂಳುವುದಿಲ್ಲ ಎಂದಮೇಲೆ ಪೆಟ್ಟಿಗೆ ಯಾಕೆ? ಮುದುಕ ಮುದುಕಿಯರು ಸಾವಿಗೆಂದು ಮಾಡಿಸಿಟ್ಟುಕೊಂಡದ್ದನ್ನೆಲ್ಲ ತಂದೊಪ್ಪಿಸಬೇಕು, ಯಂತ್ರದ ಕೈಯಲ್ಲಿ ಮುರಿಸಲಾಗುತ್ತದೆ. ವಸಂತದಲ್ಲೇ ಹಲವರದು ಮುರಿದು ಆಗಿತ್ತು. ಜಿಲ್ಲೆಯ ದೊಡ್ಡ ಸಾಹೇಬರು ಈ ವಾರ ನೋಡಲು ಬರುವವರಿದ್ದರು. ಉಳಿದದ್ದು ಇದೊಂದೇ.

"ಬೆಟ್ಟದಿಂದ ನೀವು ಇಳಿದ್ರಿ, ನಿಮ್ಮ ತಲೇಲಿರೋ ಸಗಣಿ ಇಳೀಲಿಲ್ಲ," ಎಂದವನೇ ಪೆಂಗ್ ಹೊರಗೆ ಹೋಗಿ ಬಾಗಿಲ ಮೇಲಿದ್ದ ಕೆಂಪು ನಕ್ಷತ್ರ ಕಿತ್ತುಕೊಂಡ.

ಅದು ಒಪ್ಪವಾದ ಮನೆಗೆ ಕೊಡುವ ನಕ್ಷತ್ರ. ಹಾಸಿಗೆ ಮಡಿಸಿರಬೇಕು, ಕೋಳಿ ಇರಬಾರದು, ಒಲೆಯ ಹೊಗೆ ಬರಬಾರದು. ನಕ್ಷತ್ರವಿಲ್ಲದ ಮನೆಯವರಿಗೆ ಕಂಪನಿಯ ಸ್ಟ್ರಾಬೆರಿ ಶೆಡ್ಡಿನಲ್ಲಿ ಕೂಲಿ ಇಲ್ಲ. ಇವರ ಹೆಸರಿಗೆ ಸಿಕ್ಕ ಹೊಲವೆಲ್ಲ ಕಂಪನಿಯ ಕೈಸೇರಿ, ಆ ಶೆಡ್ಡು ಬಿಟ್ಟರೆ ಬೇರೆ ಗತಿ ಯಾರಿಗೂ ಇರಲಿಲ್ಲ. ಬಾಗಿಲಲ್ಲಿ ಉಳಿದ ಅಂಟಿನ ಗುರುತನ್ನು ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿದಳು. ಹೋಗಲಿಲ್ಲ.

"ಬೋಳಿಮಗ," ಎಂದಳು ಮೆಲ್ಲಗೆ. ಬಯ್ಗುಳದಲ್ಲಿ ಜೀವ ಇರಲಿಲ್ಲ.

ಆ ಪೆಟ್ಟಿಗೆಯನ್ನು ಮಾಡಿದವನು ಅವಳ ಗಂಡ. ಮದುವೆಯಾದ ಹೊಸದರಲ್ಲಿ ಹಿತ್ತಲಿನಲ್ಲಿ ತಾನೇ ನೆಟ್ಟ ದೇವದಾರುಗಳನ್ನು ಮುದುಕನಾದ ಮೇಲೆ ತಾನೇ ಕಡಿದು, ಎರಡು ಪೆಟ್ಟಿಗೆ ಮಾಡಿದ್ದ. ಒಂದೂ ಮೊಳೆ ಹೊಡೆದಿರಲಿಲ್ಲ. ಕಬ್ಬಿಣ ತಾಗಿದರೆ ಸತ್ತವರಿಗೆ ಹಿರಿಯರ ಊರಿನ ದಾರಿ ಸಿಗುವುದಿಲ್ಲವಲ್ಲ, ಎಲ್ಲ ಮರದ ಗೂಟದಲ್ಲೇ ಕೂಡಿಸಿದ್ದ. ಒಂದರಲ್ಲಿ ತಾನು ಮಲಗಿ ಬೆಟ್ಟದಲ್ಲೇ ಉಳಿದ. ಇನ್ನೊಂದಕ್ಕೆ ಅಜ್ಜಿ ವರ್ಷಾವರ್ಷ ಅರಗು ಬಳಿದು ಕನ್ನಡಿಯಂತೆ ಇಟ್ಟುಕೊಂಡಿದ್ದಳು. ಊರು ಬಿಡುವಾಗ ಲಾರಿಯಲ್ಲಿ ಮನೆಗೊಂದೇ ದೊಡ್ಡ ಸಾಮಾನಿಗೆ ಜಾಗ ಎಂದರು. ಅಜ್ಜಿ ಮಂಚ ಬಿಟ್ಟು ಪೆಟ್ಟಿಗೆ ಹೇರಿಸಿದಳು.

ಆವತ್ತಿನಿಂದ ನೆರೆಹೊರೆಯವರಿಗೆ ಅದೇ ತಮಾಷೆ. ಎದುರು ಮನೆಯ ಯೂಸು, ಮುಸಲ್ಮಾನರಾದ ಹ್ವೆಯ್ ಜನದವನು, ದನದ ಮಾಂಸದ ಅಂಗಡಿಯವನು, ಅಜ್ಜಿಯ ಗಂಡನಿಗೆ ಸಂತೆಯ ಗೆಳೆಯ. ಹಾಗಾಗಿ ಅಜ್ಜಿ ಅವನಿಗೆ ಅತ್ತಿಗೆ. ದಿನಾ ಸಂಜೆ ಬಂದು ಪೆಟ್ಟಿಗೆ ತಟ್ಟಿ, ಅತ್ತಿಗೆ ಇನ್ನೂ ಹೊರಗೇ ಇದ್ದಾರಲ್ಲ ಎಂದು ಕಾಡುತ್ತಿದ್ದ. ತಮ್ಮವರಲ್ಲಾದರೆ ಮೈ ತೊಳೆದು ಬಿಳಿ ಬಟ್ಟೆ ಸುತ್ತಿ ಮಣ್ಣಿಗಿಟ್ಟರೆ ಮುಗಿಯಿತು, ಹೋಗುವಾಗ ಮನೆ ಹೊತ್ತುಕೊಂಡು ಹೋಗುವುದು ಯಾವ ಸಂಭ್ರಮಕ್ಕೆ ಎಂದು ಅವನ ವಾದ. ಅಗಾ ಇಬ್ಬರನ್ನೂ ಮೂದಲಿಸುತ್ತಿದ್ದಳು. ಅವಳ ಜನ ಬೆಟ್ಟದ ನೆತ್ತಿಯಲ್ಲಿ ಸೌದೆಯನ್ನು ಗಂಡಸಿಗೆ ಒಂಬತ್ತು ಸುತ್ತು, ಹೆಂಗಸಿಗೆ ಏಳು ಸುತ್ತು ಒಟ್ಟಿ, ಬೆಂಕಿಯಿಟ್ಟು ಗಾಳಿಗೆ ಬಿಡುವವರು. ಮಣ್ಣಲ್ಲಿ ಹುಳಕ್ಕೆ ಸಿಕ್ಕುವುದಕ್ಕಿಂತ ಅದು ಮೇಲು ಎನ್ನುತ್ತಿದ್ದಳು. ಅಲ್ಲೂ ಏಳೇ ಸುತ್ತಾ ನಿನಗೆ, ಸತ್ತ ಮೇಲೂ ಗಂಡಸರಿಗೇ ಜಾಸ್ತಿ ಸೌದೆಯಾ ಎಂದು ಅಜ್ಜಿ ತಿರುಗಿ ಚುಚ್ಚುತ್ತಿದ್ದಳು.

ಆದರೆ ನಕ್ಷತ್ರ ಹೋದ ಸಂಜೆ ಯಾರೂ ಕಾಡಲಿಲ್ಲ.

"ನಮಗೂ ಬೆಟ್ಟದ ಸೌದೆ ಇಲ್ಲ ಅಂದವ್ರೆ ಕಣಕ್ಕ," ಎಂದಳು ಅಗಾ. "ನಾನೂ ಅದೇ ಕರೆಂಟಿನ ಒಲೆಗೇ. ಯಾವನೋ ಗುಂಡಿ ಒತ್ತಿದ್ರೆ ಮುಗೀತು. ಅಳೋರೂ ಬೇಡ, ಹಾಡೋರೂ ಬೇಡ."

ಯೂಸು ತನ್ನವರನ್ನು ಸದ್ಯಕ್ಕೆ ಬಿಟ್ಟಿದ್ದಾರೆ ಎಂದ. ಆ 'ಸದ್ಯಕ್ಕೆ' ಎಂಬುದನ್ನು ಎರಡು ಸಲ ಅಂದ.

ಉಪಾಯ ಹೊಳೆದದ್ದು ಅಗಾಳಿಗೇ. ಪೆಟ್ಟಿಗೆಯನ್ನು ಗೋಡೆಗೆ ಒತ್ತರಿಸಿದರು. ಮೇಲೆ ಯೂಸುವಿನ ಮನೆಯ ದಪ್ಪ ಹಾಸಿಗೆ, ಅದರ ಮೇಲೆ ನೆಲ ಮುಟ್ಟುವಂತೆ ಅಗಾಳ ಕರಿಯ ಉಣ್ಣೆ ಕಂಬಳಿ, ಎರಡು ಹೂವಿನ ದಿಂಬು. ಪಟ್ಟಣದ ಅಂಗಡಿಯ ಸೋಫಾ ತಲೆ ಬಾಗಬೇಕು, ಹಾಗಾಯಿತು. ಪೆಟ್ಟಿಗೆಯನ್ನು ಸೀಳಿ ತನ್ನ ಅಂಗಡಿಯ ಒಲೆಗೆ ಹಾಕಿದೆ ಎಂದು ಯೂಸು ಪೆಂಗನಿಗೆ ಹೇಳಿ ಬಂದ. ಹುಟ್ಟಿದಾಗಿನಿಂದ ಹೇಳಿದ ಮೊದಲ ಸುಳ್ಳು ಎಂದು ಅವನು ಆಣೆ ಮಾಡಿದ್ದಕ್ಕೆ, ಮಾಂಸ ತೂಗುವಾಗ ಹೇಳುವುದೆಲ್ಲ ಏನು ಹಾಗಾದರೆ ಎಂದು ಅಜ್ಜಿ ಕೇಳಿದಳು. ಪೆಂಗ್ ಓಡಿ ಬಂದು, ಪೆಟ್ಟಿಗೆ ಕಾಣದ ನಡುಮನೆ ನೋಡಿ, ಸೋಫಾದ ಮೇಲೇ ಕೂತು ಬೆವರು ಒರೆಸಿಕೊಂಡು, ನಕ್ಷತ್ರ ಅಂಟಿಸಿ ಹೋದ.

ಸಾಹೇಬರು ಬಂದ ದಿನ ಅವರಿಗೆ ತೋರಿಸಲೆಂದು ಸಿಂಗರಿಸಿದ ಮನೆ ಬೇರೆಯೇ ಇತ್ತು. ಆದರೆ ದೊಡ್ಡವರಿಗೆ ತೋರಿಸಿದ್ದು ಬಿಟ್ಟು ಬೇರೆಯದನ್ನು ನೋಡುವ ಚಪಲ. ಅವರು ತಟ್ಟನೆ ತಿರುಗಿ ತಾವೊ ಅಜ್ಜಿಯ ಹೊಸ್ತಿಲು ದಾಟಿದರು. ಹಿಂದೆ ಟಿವಿಯ ಕ್ಯಾಮೆರಾ, ಅದರ ಹಿಂದೆ ಬಿಳಿಚಿಕೊಂಡ ಪೆಂಗ್. ಸಾಹೇಬರು ನೆಟ್ಟಗೆ ಹೋಗಿ ಸೋಫಾದ ಮೇಲೆ ಕೂತರು. ಅಗಾ ಗೋಡೆಗೆ ಆತುಕೊಂಡಳು.

ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಅಜ್ಜಿಯ ಕೈ ಹಿಡಿದುಕೊಂಡರು, ಚಳಿಗಾಲಕ್ಕೆ ರಜಾಯಿ ಇದೆಯೇ ಎಂದು ಕೇಳಿದರು, ಆಸನ ತಟ್ಟಿ ಭದ್ರವಾಗಿದೆ ಎಂದು ಹೊಗಳಿದರು. ಈಗಿನ ಕಾಲದವರು ಇಂಥ ಕೆಲಸ ಮಾಡುವುದಿಲ್ಲ, ನನ್ನ ಯಜಮಾನರು ಮಾಡಿದ್ದು ಎಂದಳು ಅಜ್ಜಿ. ಯೂಸು ಬಾಗಿಲಾಚೆ ಕೆಮ್ಮಿದ.

ಅಲ್ಲಿಗೇ ಎದ್ದು ಹೋಗಿದ್ದರೆ ಎಲ್ಲ ಸುಸೂತ್ರ. ಆದರೆ ಸಾಹೇಬರಿಗೆ ಖುಷಿಯಾಗಿತ್ತು. ಈ ಊರಿನ ಹಿರಿಯರೆಲ್ಲ ಹಳೆಯ ಪದ್ಧತಿ ಬಿಟ್ಟು ತಾವಾಗಿಯೇ ಪೆಟ್ಟಿಗೆ ಒಪ್ಪಿಸಿದ್ದಾರೆ ಎಂದು ಸೆಕ್ರೆಟರಿ ಹೇಳಿದ್ದಾರೆ, ಅದನ್ನೇ ಅಜ್ಜಿ ತನ್ನ ಬಾಯಿಂದ ಕ್ಯಾಮೆರಾಕ್ಕೆ ಒಂದು ಮಾತು ಹೇಳಲಿ ಎಂದರು. ಪೆಂಗ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ, ಸಂತೋಷವಾಗಿ ಕೊಟ್ಟೆ ಅನ್ನು, ಅಷ್ಟು ಸಾಕು.

ಅಜ್ಜಿಗೆ ಅದೇನು ಕಷ್ಟ? ಎರಡು ಪದ. ಅಂದುಬಿಟ್ಟರೆ ಪೆಟ್ಟಿಗೆ ಕಂಬಳಿಯ ಕೆಳಗೆ ತಣ್ಣಗೆ ಉಳಿಯುತ್ತದೆ, ನಕ್ಷತ್ರ ಬಾಗಿಲಲ್ಲಿ ಉಳಿಯುತ್ತದೆ. ಅವಳು ಬಾಯಿ ತೆರೆದದ್ದೂ ಹೌದು.

"ಮೇಲಿನ ಹಳ್ಳಿಗಳಲ್ಲಿ ಇದನ್ನ ತೋರಿಸ್ತೀವಿ ಅಜ್ಜಿ," ಎಂದರು ಸಾಹೇಬರು ಪ್ರೀತಿಯಿಂದ. "ನಾವು ಹೇಳಿದ್ರೆ ಕೇಳೋದಿಲ್ಲ ಅವರು. ನೀವು ಹೇಳಿದ್ರೆ ಕೊಡ್ತಾರೆ."

ಇನ್ನೂ ಕೆಳಗಿಳಿಸದೆ ಉಳಿದ ಮೇಲಿನ ಹಳ್ಳಿಯೊಂದರಲ್ಲಿ ಅಜ್ಜಿಯ ಅಕ್ಕ ಇದ್ದಳು. ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದವಳು. ಕೈ ಚಾಚಿದರೆ ಪೆಟ್ಟಿಗೆ ಸಿಗುವಂತೆ ಮಂಚ ಹಾಕಿಸಿಕೊಂಡಿದ್ದಳು, ಅದನ್ನು ಸವರಿಕೊಂಡೇ ನಿದ್ದೆ ಹೋಗುವವಳು. ಟಿವಿಯಲ್ಲಿ ತಂಗಿಯ ಮುಖ ನೋಡಿ, ನಮ್ಮ ತಂಗಿಯೇ ಕೊಟ್ಟಳಂತೆ ಎಂದು ಅವಳು ತನ್ನದನ್ನೂ ಬಿಟ್ಟುಕೊಡುತ್ತಾಳೆ. ಅಜ್ಜಿಗೆ ತನ್ನ ಮೇಲೇ ಸಿಟ್ಟು ಬಂತು, ಆಮೇಲೆ ಸಾಹೇಬರ ಆ ನಯವಾದ ಕೈಯ ಮೇಲೆ ಬಂತು. ಆ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ನಾನು ಕೊಟ್ಟಿಲ್ಲ," ಎಂದಳು ಕ್ಯಾಮೆರಾಕ್ಕೆ. "ಕೊಡೋದೂ ಇಲ್ಲ. ಸಾಹೇಬ್ರು ಕುಂತವ್ರಲ್ಲ, ಅದೇಯ. ಅಕ್ಕಾ, ನೀನೂ ಕೊಡಬ್ಯಾಡ."

ಸಾಹೇಬರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಂಬಳಿಯ ಅಂಚು ಎತ್ತಿ ನೋಡಿದರು. ಅರಗಿನ ಹೊಳಪಿನಲ್ಲಿ ಅವರ ಮುಖವೇ ಕಂಡಿರಬೇಕು. ಬೆಂಕಿ ಮೇಲೆ ಕೂತವರಂತೆ ಎದ್ದು, ಪ್ಯಾಂಟಿನ ಹಿಂಭಾಗ ಕೊಡವಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಕೂತಿದ್ದಕ್ಕೆ ಆಯುಸ್ಸು ಹೆಚ್ಚುತ್ತೆ, ಹೆದರಬೇಡಿ ಎಂದು ಯೂಸು ಹಿಂದಿನಿಂದ ಸಮಾಧಾನ ಹೇಳಿದ.

ಮಧ್ಯಾಹ್ನದ ಊಟದ ಹೊತ್ತಿಗೆ ಲಾರಿ ಬಂತು. ಪೆಂಗನ ಜೊತೆ ಹೊರುವುದಕ್ಕೆ ಶೆಡ್ಡಿನಿಂದ ಕರೆತಂದ ನಾಲ್ಕಾರು ಆಳು. ಎಲ್ಲರೂ ಇದೇ ಊರಿನವರು, ಕೈಗೆಲ್ಲ ಸ್ಟ್ರಾಬೆರಿಯ ಕೆಂಪು. ಅವರು ಒಳಗೆ ಬರುವಾಗ ಕಂಬಳಿ, ಹಾಸಿಗೆ, ಮುಚ್ಚಳ ಎಲ್ಲ ಪಕ್ಕಕ್ಕಿದ್ದವು. ತಾವೊ ಅಜ್ಜಿ ಪೆಟ್ಟಿಗೆಯೊಳಗೆ ಆಲೂಗಡ್ಡೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಒಂದು ಅಂಚಿನ ಮೇಲೆ ಅಗಾ, ಇನ್ನೊಂದರ ಮೇಲೆ ಯೂಸು. ಅಗಾ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದಳು.

"ಇಳಿ ಅಜ್ಜಿ," ಪೆಂಗನ ದನಿ ಸೋತಿತ್ತು. "ನನ್ನ ಕೆಲಸ ಹೋಗ್ತದೆ."

"ಹೋದ್ರೆ ಬಾ, ಒಂದೀಟು ಸರ್ಕೋತೀನಿ. ಒಳಗೆ ಜಾಗ ಐತೆ," ಎಂದಳು ಅಜ್ಜಿ.

ಆಳುಗಳಲ್ಲಿ ಒಬ್ಬ ನಕ್ಕ. ಪೆಂಗನ ಕಿವಿ ಕೆಂಪಾಯಿತು. ಥೂ, ಮುಟ್ಠಾಳ ಜನ, ಕುಂತಿದ್ದಂಗೇ ಎತ್ತಿ ಲಾರಿಗೆ ಹಾಕ್ರೋ ಎಂದು ಕೂಗಿದ. ಹಗ್ಗ ಹಿಡಿದು ಮುಂದೆ ನಿಂತಿದ್ದವನು ಲುವೊ. ಅವನ ತಾಯಿಯ ಪೆಟ್ಟಿಗೆ ವಸಂತದಲ್ಲಿ ಅವನ ಕಣ್ಣೆದುರೇ ಪುಡಿಯಾಗಿತ್ತು. ಆ ಮುದುಕಿ ಅಂದಿನಿಂದ ಅವನ ಜೊತೆ ಮಾತು ಬಿಟ್ಟಿದ್ದಳು. ಅವನು ಹಗ್ಗವನ್ನು ನಿಧಾನವಾಗಿ ಸುತ್ತಿ ನೆಲದ ಮೇಲಿಟ್ಟ. ಉಳಿದವರು ತಮ್ಮ ಕೆಂಪು ಕೈಗಳನ್ನೇ ನೋಡಿಕೊಂಡರು.

ಪೆಂಗ್ ಅಂಗಿಯ ತೋಳು ಮಡಿಸಿದ. ತಾನೇ ಬಗ್ಗಿ, ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿ, ಹಲ್ಲು ಕಚ್ಚಿ ಎಳೆದ. ಮುಖ ಕಪ್ಪಿಟ್ಟಿತು. ಪೆಟ್ಟಿಗೆ ಕದಲಲಿಲ್ಲ. ಅಜ್ಜಿ ಮೊದಲ ಸಲ ಅವನ ತಲೆ ಮುಟ್ಟಿದಳು, ಕೂದಲಿಗಂಟಿದ್ದ ಬೀಜದ ಸಿಪ್ಪೆ ತೆಗೆದುಹಾಕಿದಳು.

"ಹೆಣ ಎತ್ತಕ್ಕೆ ನಾಲ್ಕು ಜನ ಬೇಕು ಕಣ್ ಮಗ," ಎಂದಳು. "ನಿನ್ನ ಹಿಂದೆ ಯಾರವ್ರೆ, ತಿರುಗಿ ನೋಡ್ಕೊ."

ಪೆಂಗ್ ಪೆಟ್ಟಿಗೆಯಿಂದ ಕೈ ತೆಗೆಯದೆಯೇ ತಿರುಗಿ ನೋಡಿದ.