ಮಣ್ಣು ಮಾಡಿ ಬಂದವರ ಸ್ನಾನ

ಮಣ್ಣು ಮೆತ್ತಿದ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಮೋಹನ್ ಕೆರೆಗೆ ಇಳಿಯಹೊರಟಾಗ ಸೋದರಮಾವ ಬೋರಯ್ಯ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಅಪ್ಪನನ್ನು ಮಣ್ಣು ಮಾಡಿದ ಮಗ ಮೂರು ಮುಳುಗು ಹಾಕದೆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಆದರೆ ಆ ಬೇಸಿಗೆಯಲ್ಲಿ ತೆಂಗಿನ ತೋಟಗಳಿಗೆಂದು ಕೆರೆಯ ಗೋಡುಮಣ್ಣನ್ನು ಟ್ರ್ಯಾಕ್ಟರುಗಟ್ಟಲೆ ತೋಡಿ ಒಯ್ದಿದ್ದರು. ಈಗ ಕೆರೆ ತುಂಬಿ, ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಎರಡಾಳುದ್ದದ ಗುಂಡಿ. ತಿಪಟೂರಿನಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ ಮೋಹನನಿಗೆ ಈಜು ಬಾರದು.

"ಗುಂಡಿ ಎಲ್ಲದೆ ಅಂತ ಗೊತ್ತೇನ್ಲಾ ನಿಂಗೆ?" ಎಂದ ಬೋರಯ್ಯ.

"ಗೊತ್ತಿದ್ದೋನ್ನೇ ಮಣ್ಣು ಮಾಡಿ ಬಂದ್ವಲ್ಲ ಮಾವ."

ಮಾತು ನಿಜ. ಊರಲ್ಲಿ ಯಾರು ಸತ್ತರೂ ಮೋಹನನ ಅಪ್ಪ ಕೆಂಪಯ್ಯ ಮೊದಲು ಕೆರೆಗೆ ಹೋಗುತ್ತಿದ್ದ. ಬಿದಿರು ಗಳ ಊರಿ ತಳ ನೋಡಿ, ಗುಂಡಿಯ ಅಂಚಿನಲ್ಲಿ ತಾನೇ ನಿಂತು, ಸ್ನಾನಕ್ಕೆ ಬಂದವರನ್ನು ತನ್ನಿಂದಾಚೆ ಬಿಡುತ್ತಿರಲಿಲ್ಲ. ಹೊಟ್ಟೆಪಾಡಿಗೆ ತೆಂಗಿನಕಾಯಿ ಸುಲಿಯುತ್ತಿದ್ದ ಆಳು. ಈ ಕೆಲಸ ಮಾಡು ಎಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಯಾರೂ ಗಮನಿಸಿರಲೂ ಇಲ್ಲ.

ತಂಬಿಗೆಯಲ್ಲಿ ನೀರು ಹುಯ್ದುಕೊಂಡರೆ ಸಾಕು ಎಂದು ಮಣ್ಣಿಗೆ ಬಂದಿದ್ದ ನೆರೆಮನೆಯ ಹಾಲಸ್ವಾಮಿ ಹೇಳಿ ನೋಡಿದ. ಹೆತ್ತಪ್ಪನಿಗೂ ತಂಬಿಗೆ ಲೆಕ್ಕವೇ ಎಂದು ಮೋಹನ್ ಸಿಡುಕಿ ರಟ್ಟೆ ಕೊಸರಿಕೊಂಡ.

*

ಊರಿನ ಹುಡುಗರಿಗೆಲ್ಲ ಈಜು ಕಲಿಸಿದವನೂ ಕೆಂಪಯ್ಯನೇ. ಸಿಪ್ಪೆ ಸಮೇತದ ಒಣಗಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಟಲೊಟ ಎಂದರೆ ಮಾತ್ರ ಅದನ್ನು ಬೆನ್ನಿಗೆ ಕಟ್ಟುತ್ತಿದ್ದ. ನೀರು ತುಂಬಿದ ಕಾಯಿ ನಂಬಿಸಿ ಮುಳುಗಿಸುತ್ತದೆ ಎನ್ನುತ್ತಿದ್ದ. ಮೋಹನ್ ನೀರು ಕಂಡರೆ ಹುಣಿಸೆಮರ ಹತ್ತುತ್ತಿದ್ದ. ಅವನ ತಂಗಿ ಭಾನುಪ್ರಿಯಾ ತಾನೇ ಕಾಯಿ ಕಟ್ಟಿಕೊಂಡು ಬಂದು ನಿಂತಳು.

ಹೆಣ್ಣುಮಗು ಕೆರೆಯಲ್ಲಿ ಈಜುವುದೇ ಎಂದು ತಾಯಿ ಮೀನಾಕ್ಷಮ್ಮ ಗದರಿದಳು. "ನೀರು ಹೆಣ್ಣು ಅಂತ ಬುಟ್ ಬುಡ್ತದೇನೇ?" ಎಂದು ಕೆಂಪಯ್ಯ ಕಲಿಸಿಯೇ ಕಲಿಸಿದ. ಆದರೆ ಅವಳು ದೊಡ್ಡವಳಾದ ದಿನ, ಇನ್ನು ಸಾಕು ಎಂದವನೂ ಅವನೇ. ಆ ಸಿಟ್ಟು ಅವಳಿಗೆ ಅಪ್ಪನ ಮೇಲೆ ಇವತ್ತಿನವರೆಗೂ ಇತ್ತು.

*

ಏರಿಯ ಮೇಲಿಂದ ಭಾನುಪ್ರಿಯಾ ಇಳಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಗಳ ಹಿಡಿದಿದ್ದಳು. ಮಣ್ಣಿನ ದಿನ ಹೆಂಗಸರು ಈ ಕಡೆ ಬರಬಾರದು ಎಂದು ಬೋರಯ್ಯ ನೆನಪಿಸಿದ. ಅವಳು ಅಷ್ಟು ಹೊತ್ತಿಗೆ ನೀರಿನಲ್ಲಿದ್ದಳು. ಒಂದೊಂದೇ ಹೆಜ್ಜೆಗೆ ಗಳ ಊರುತ್ತ ಹೋದಳು. ಒಂದು ಕಡೆ ಗಳ ತಳ ಸಿಗದೆ ಪೂರ್ತಿ ಒಳಗಿಳಿಯಿತು. ಅಲ್ಲೇ ಈ ಕಡೆಗೆ ತಿರುಗಿ ನಿಂತಳು.

"ಅಣ್ಣ, ನನ್ನ ದಾಟಿ ಬರ್ಬೇಡ. ಇಲ್ಲೇ ಮುಳುಗು."

ಮೋಹನ್ ಇಳಿದು, ಅವಳ ಕೈ ಹಿಡಿದುಕೊಂಡೇ ಮೂರು ಸಲ ಮುಳುಗಿ ಎದ್ದ. ಎದ್ದವನು ಅತ್ತ. ಆಮೇಲೆ ಗಂಡಸರು ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಇಳಿದರು, ಕೊನೆಗೆ ಬೋರಯ್ಯನೂ.

ಎಲ್ಲರೂ ದಡ ಸೇರಿದ ಮೇಲೆ ಭಾನುಪ್ರಿಯಾ ಹೊರಗೆ ಬರಲಿಲ್ಲ. ಬೆನ್ನು ತಿರುಗಿಸಿ, ಗುಂಡಿಯ ಮೇಲೆ ಮೈ ಚಾಚಿ, ಆಚೆಗೆ ಈಜುತ್ತ ಹೋದಳು.

ಮಣ್ಣಿಗೆ ಬಂದವರು ಸ್ನಾನ ಮಾಡಿ, ಹಿಂತಿರುಗಿ ನೋಡದೆ ಮನೆಗೆ ಹೋಗಬೇಕು. ಅವಳ ತಲೆ ಮತ್ತೆ ಈ ಕಡೆಗೆ ತಿರುಗುವವರೆಗೆ, ಒದ್ದೆ ಬಟ್ಟೆಯಲ್ಲಿ ಕೆರೆಯನ್ನೇ ನೋಡುತ್ತ ನಿಂತವರಲ್ಲಿ ಒಬ್ಬರೂ ಏರಿ ಹತ್ತಲಿಲ್ಲ.