ಒಂಟಿ ಸೀನಿನ ದರ

ಮುಂಡಗೋಡದ ಹತ್ತಿರದ ಇಂದೂರು ಎಂಬ ಹಳ್ಳಿಯ ರೈತರಲ್ಲಿ ಒಂದು ಕಟ್ಟಳೆ ಇತ್ತು. ದರ ಹೇಳುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ಆ ದರ ಕೆಟ್ಟಿತು. ಎಲ್ಲರೂ ಕುಳಿತು, ಚಹಾ ಕುಡಿದು, ಹೊಸದಾಗಿ ದರ ಹೇಳಬೇಕು. ಹೊಸ ದರ ಹಳೆಯದಕ್ಕಿಂತ ಕೆಳಗಿಳಿದದ್ದನ್ನು ಮಾತ್ರ ಯಾರೂ ಕಂಡವರಿಲ್ಲ. ಕ್ವಿಂಟಲಿಗೆ ಹತ್ತು ರೂಪಾಯಿ ಏರುವುದೇ ಪದ್ಧತಿ.

ಮುಂಡಗೋಡದ ಗೋವಿನಜೋಳದ ವ್ಯಾಪಾರಿ ಸುಭಾನಿಯ ಕಷ್ಟ ಇಲ್ಲಿಂದಲೇ ಶುರು. ರಾಶಿಯ ಮುಂದೆ ನಿಂತು ಒಂದು ಹಿಡಿ ಕಾಳು ಎತ್ತಿದನೆಂದರೆ ಧೂಳು ಮೂಗಿಗೇರಿ, ದರ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಒಂದೇ ಒಂದು ಸೀನು. ಬೆನ್ನಿಗೇ ಎರಡನೆಯದು ಬಿದ್ದರೆ ಶಕುನ ಸರಿಹೋಗುತ್ತಿತ್ತು. ಅದು ಸಾಲ ಒಯ್ದ ನೆಂಟನ ಹಾಗೆ, ಬರುತ್ತೇನೆ ಬರುತ್ತೇನೆ ಎನ್ನುತ್ತ ಬರುತ್ತಲೇ ಇರಲಿಲ್ಲ.

"ಕೂಡ್ರಿ ಸಾವಕಾರ್ರ," ಎನ್ನುತ್ತಿದ್ದ ರೈತ ದ್ಯಾಮಪ್ಪ, ಮೊದಲೇ ಕಾಸಿಟ್ಟ ಚಹಾ ಸೋಸುತ್ತ. ತನ್ನ ಗಾಡಿ ಕಂಡ ಕೂಡಲೇ ಈ ಮನುಷ್ಯ ತೂರಿದ ರಾಶಿಯನ್ನೇ ಮತ್ತೊಮ್ಮೆ ತೂರುತ್ತಾನೆ ಎಂದು ಸುಭಾನಿಗೆ ಬಲವಾದ ಅನುಮಾನ.

"ಈ ಸುಗ್ಗ್ಯಾಗ ನಿಮ್ಮ ಮೂಗು ನಲವತ್ತು ಸಾವಿರ ತಿಂದೈತಿ," ಎಂದಳು ಹೆಂಡತಿ ಅನೀಸಾ. "ಬಾಯೀನೂ ಇಷ್ಟು ತಿನ್ನಂಗಿಲ್ಲ. ಏಳ್ರಿ, ದವಾಖಾನಿಗೆ ಹೋಗೂಣು."

ಡಾಕ್ಟರ್ ಶಿವಗಂಗಾ ಅವನ ಮುಂಗೈಗೆ ಹನ್ನೆರಡು ಕಡೆ ಚುಚ್ಚಿ ನೋಡಿ, ಇದು ಧೂಳಿನ ಅಲರ್ಜಿ, ತಿಂಗಳಿಗೊಂದು ಇಂಜೆಕ್ಷನ್, ಮೂರು ವರ್ಷ ಎಂದರು.

"ಮೂರೂ ವರ್ಷದ್ದು ಒಮ್ಮೆಲೇ ತಗೊಂಡ್ರ ದರ ಹೆಂಗ ಮಾಡ್ತೀರಿ, ಮೇಡಂ?" ಎಂದ ಸುಭಾನಿ.

"ಒಮ್ಮೆಲೇ ಚುಚ್ಚಿದ್ರ ರೊಕ್ಕಾ ಕೊಡಾಕ ನೀವ ಇರಂಗಿಲ್ಲ. ಒಂದಕ್ಕ ಎರಡು ಸಾವಿರ."

ಸುಭಾನಿಗೆ ಸೀನು ಬಂತು. ಒಂದೇ. ಸೀನಿದ್ದಕ್ಕೆ ಅವನ ಮುಖ ಅರಳಿದ್ದು ಹುಟ್ಟಿದಾಗಿನಿಂದ ಇದೇ ಮೊದಲು.

"ಒಂಟಿ ಸೀನು ಬಿತ್ತು, ಮೇಡಂ. ಈ ದರ ನಡಿಯಂಗಿಲ್ಲ."

ಡಾಕ್ಟರು ಹಳಿಯಾಳದ ಕಡೆಯ ಒಕ್ಕಲು ಮನೆಯ ಮಗಳು. "ಖರೆ ಐತಿ," ಎಂದು ಪೆನ್ನು ಕೆಳಗಿಟ್ಟು ಚಹಾ ತರಿಸಿದರು. ಮೂವರೂ ಶಾಸ್ತ್ರೋಕ್ತವಾಗಿ ಕುಡಿದರು.

"ಈಗ ಎರಡು ಸಾವಿರದ ಹತ್ತು," ಎಂದರು ಡಾಕ್ಟರು.

ಅನೀಸಾ ಒಂದು ಕೈಯಿಂದ ಗಂಡನ ಮೂಗು ಒತ್ತಿ ಹಿಡಿದು, ಇನ್ನೊಂದರಿಂದ ನೋಟು ತೆಗೆದಳು.

ಮರುವರ್ಷದ ಸುಗ್ಗಿ. ಹನ್ನೆರಡು ಇಂಜೆಕ್ಷನ್ ಉಂಡ ತೋಳು ಬೀಸುತ್ತ ಸುಭಾನಿ ದ್ಯಾಮಪ್ಪನ ಕಣಕ್ಕೆ ಬಂದ. ದ್ಯಾಮಪ್ಪ ಒಂದು ಮೊರ ತೂರಿದ. ಏನೂ ಆಗಲಿಲ್ಲ. ಮತ್ತೆರಡು ಮೊರ ತೂರಿದ. ಕಣದಲ್ಲಿ ಎತ್ತು ಕಾಣದಷ್ಟು ಧೂಳೆದ್ದಿತು. ಸುಭಾನಿಯ ಮೂಗು ಕಲ್ಲಿನ ಬಸವಣ್ಣನ ಮೂಗಿನಂತೆ ಸುಮ್ಮನಿತ್ತು.

"ಇಪ್ಪತ್ತೊಂದು ನೂರು," ಎಂದ ಸುಭಾನಿ, ನಿಧಾನವಾಗಿ, ರುಚಿ ನೋಡುತ್ತ.

ಆಗ ಸೀನು ಬಿತ್ತು. ಒಂದೇ. ದ್ಯಾಮಪ್ಪನದು.

"ಅದು ನಿಮ್ದಲ್ಲೇನ್ರಿ," ಎಂದ ಸುಭಾನಿ.

"ಮೂಗು ಯಾರದಾದ್ರೇನ್ರಿ, ಸೀನು ಸೀನ. ಕೂಡ್ರಿ, ಚಾ ಆಗೇತಿ."

ಸುಭಾನಿ ಕುಳಿತ. ಅರ್ಧ ಕಪ್ಪು ಮುಗಿಯುವತನಕ ಲೆಕ್ಕ ಹಾಕಿ ಹೇಳಿದ: "ದ್ಯಾಮಪ್ಪ, ನಾಳೆ ನನ್ನ ಜೋಡಿ ದವಾಖಾನಿಗೆ ಬರ್ರಿ. ನಿಮ್ಮ ಇಂಜೆಕ್ಷನ್ ರೊಕ್ಕಾ ನಾ ಕೊಡ್ತೇನಿ. ಮೂರೂ ವರ್ಷದ್ದು."

ದ್ಯಾಮಪ್ಪ ಟವೆಲ್ಲಿನಿಂದ ಮೂಗನ್ನು ಅಕ್ಕರೆಯಿಂದ ಒರೆಸಿಕೊಂಡ.

"ಬ್ಯಾಡ್ರಿ, ಸಾವಕಾರ್ರ. ಅರವತ್ತು ವರ್ಷ ಸುಮ್ನ ಕುಂತಿತ್ತು. ಈಗರ ದುಡಿಯಾಕ ಹತ್ತೇತಿ."